ಅಪ್‌ಡೇಟ್: ಹನಿ ನೀರಾವರಿಯ ಒತ್ತಡದ ಲೆಕ್ಕ ಕೂಡಿಬಂತು

ನಮ್ಮ ಅಡಿಕೆ ತೋಟದ ಫಿಲ್ಟರಿನ ಪ್ರೆಶರ್ ಗೇಜ್ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ತೋರಿಸುತ್ತದೆ, ಡ್ರಿಪ್ಪರ್ (ಹನಿ ಬೀಳಿಸುವ ಬಿಲ್ಲೆ) ಕೈಪಿಡಿ 1 ಬಾರ್ ಒತ್ತಡ ಬೇಕೆನ್ನುತ್ತದೆ, ಪಂಪಿನ ಫಲಕದಲ್ಲಿರುವುದು ಮೀಟರ್ ಹೆಡ್, ಅಂದರೆ ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ತಳ್ಳಬಲ್ಲದು ಎಂಬ ಅಳತೆ. ಇವನ್ನು ಹೊಂದಿಸುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಗೇಜಿನ 1 ಕಿಲೋ ಎಂದರೆ 0.98 ಬಾರ್, ಅಂದರೆ 10 ಮೀಟರ್ ಎತ್ತರದ ನೀರಿನ ಒತ್ತಡ. ತೋಟದ ಕೆಲಸಕ್ಕೆ ಕಿಲೋ, ಬಾರ್ ಎರಡೂ ಒಂದೇ ಎಂದುಕೊಂಡರೆ ಸಾಕು. ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್) ಬೇಕಿದ್ದವರು ಕಿಲೋವನ್ನು 14.2ರಿಂದ ಗುಣಿಸಬಹುದು. ವಾತಾವರಣದ ಒತ್ತಡವನ್ನು ಇದಕ್ಕೆ ಕೂಡಿಸಬೇಕಾಗಿಲ್ಲ. ಗೇಜ್ ಅದನ್ನು ಬಿಟ್ಟೇ ಸೊನ್ನೆಯಿಂದ ಎಣಿಸುತ್ತದೆ.

ನನಗೆ ನಿಜವಾಗಿ ನೆರವಾದದ್ದು ಮೀಟರ್ ಲೆಕ್ಕ. ಫಿಲ್ಟರಿಗೆ ಮುಂಚೆ 1.8 ಕಿಲೋ, ದಾಟಿದ ಮೇಲೆ 1.0 ಇತ್ತು. 0.8 ಎಂದರೆ 8 ಮೀಟರ್ ಹೆಡ್ ಫಿಲ್ಟರಿನೊಳಗೇ ಕರಗುತ್ತಿತ್ತು! ಮೇಲಿನ ತಾಕು 4 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಮತ್ತೆ 0.4 ಹೋದರೆ ಉಳಿಯುವುದು 0.6. ಅಲ್ಲಿನ ಗಿಡಗಳು ಸೊರಗಿದ್ದು ಏಕೆಂದು ಈಗ ತಿಳಿಯಿತು. ಫಿಲ್ಟರ್ ಬಿಚ್ಚಿದರೆ ಡಿಸ್ಕುಗಳ ಸಂದಿಯಲ್ಲೆಲ್ಲ ಕೆಮ್ಮಣ್ಣಿನ ಲೋಳೆ. ಬ್ರಷ್‌ನಿಂದ ಉಜ್ಜಿ ತೊಳೆದು ಕೂರಿಸಿದ ಮೇಲೆ 1.5 ಮತ್ತು 1.3 ಬಂತು. ಮೇಲಿನ ತಾಕಿನ ಕೊನೆಯ ಸಾಲಿನಲ್ಲೂ ಹನಿ ಬೀಳುತ್ತಿದೆ. ಹೊಸ ಪಂಪಿನ ಯೋಚನೆ ಕೈಬಿಟ್ಟಿದ್ದೇನೆ.