ದೊಡ್ಡಪ್ಪನ ಫಾರ್ವರ್ಡ್, ಪುಟ್ಟನ ಚಮಚ

ನಮ್ಮ ಮನೆಯವರ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದ ಜಗಳ ಇದು. ವಿದ್ಯಕ್ಕ ಈಗ 11 ವಾರದ ಬಸುರಿ. ಅವಳ ಮೊದಲ ಮಗ ಪುಟ್ಟನಿಗೆ ಎರಡೂವರೆ ವರ್ಷ. ಶೋಭಕ್ಕ ದೊಡ್ಡಪ್ಪನ ಮಗಳು, ಹಸುಗೂಸುಗಳ ವಾರ್ಡಿನಲ್ಲಿ ನರ್ಸ್. ಇಬ್ಬರು ಅಕ್ಕಂದಿರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪನನ್ನು ಕೇಳಿಲ್ಲ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಗರ್ಭಿಣಿಯರೇ ಎಚ್ಚರ!! ಬಸಿರಿನಲ್ಲಿ ಯಾವುದೇ ವೈರಲ್ ಜ್ವರ ಬಂದರೂ ಮಗು ಅಂಗವಿಕಲವಾಗಿ ಹುಟ್ಟುತ್ತದೆ. ಡಾಕ್ಟರುಗಳು ಇದನ್ನು ಮುಚ್ಚಿಡುತ್ತಾರೆ. ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳಬೇಡಿ, ಅದರಲ್ಲೇ ವೈರಸ್ ಇದೆ. 10 ಜನರಿಗೆ ಕಳಿಸಿ, ಒಂದು ಮಗು ಉಳಿಸಿ 🙏🙏

ಅಮ್ಮ: ಅಯ್ಯೋ ದೇವರೇ. ಹೋದ ವಾರ ವಿದ್ಯಾಗೆ ಜ್ವರ ಇತ್ತಲ್ಲಾ.

ವಿದ್ಯಕ್ಕ: ಎರಡು ದಿನ ಇತ್ತು. ನೆಗಡಿ, ಗಂಟಲು ನೋವು. ಶೋಭಕ್ಕ, ಇದು ನಿಜಾನಾ?

ಶೋಭಕ್ಕ: ಡ್ಯೂಟಿಯಲ್ಲಿದ್ದೇನೆ, 10 ನಿಮಿಷ ಕೊಡು. ಅಷ್ಟರಲ್ಲಿ ಯಾರೂ ಇದನ್ನು ಮುಂದಕ್ಕೆ ಕಳಿಸಬೇಡಿ. ಅಪ್ಪ, ಗುಂಪಿನಲ್ಲಿ ಬಸುರಿ ಇದ್ದಾಳೆ ಅಂತ ಗೊತ್ತಿದ್ದೂ ಇದನ್ನು ಹಾಕಿದ್ದೀರಲ್ಲ.

ದೊಡ್ಡಪ್ಪ: ಅವಳು ಇದ್ದಾಳೆ ಅಂತಲೇ ಹಾಕಿದ್ದು. ಎಚ್ಚರಿಕೆ ಹೇಳಿದರೆ ತಪ್ಪಾ?

ಅಮ್ಮ: ನಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಿದ್ದರು ಭಾವ. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ನಮ್ಮ ಮಕ್ಕಳು ಚೆನ್ನಾಗಿಯೇ ಇದ್ದಾರೆ.

ಹತ್ತು ನಿಮಿಷ ಅಂದವಳು ಅರ್ಧ ಗಂಟೆ ಬಿಟ್ಟು ಬಂದಳು. ಆಮೇಲೆ ಬಂದವು ನೋಡಿ ಉದ್ದುದ್ದ ಮೆಸೇಜುಗಳು.

ಶೋಭಕ್ಕ: ಮೊದಲು ವಿದ್ಯಾಗೆ. ಬಸುರಿಯರಿಗೆ ಬರುವ ನೆಗಡಿ ಜ್ವರಗಳಲ್ಲಿ ಹೆಚ್ಚಿನವು ಮಗುವನ್ನು ಮುಟ್ಟುವುದೇ ಇಲ್ಲ. ತಾಯಿಗೂ ಮಗುವಿಗೂ ನಡುವೆ ಮಾಸು ಇದೆ, ಅದು ತುಂಬಾ ವೈರಸ್‌ಗಳನ್ನು ತಡೆಯುತ್ತದೆ. ದಾಟಿ ಹೋಗುವವು ಕೆಲವು. ರುಬೆಲ್ಲಾ, ಸಿಎಂವಿ, ಚಿಕನ್‌ಪಾಕ್ಸ್, ಝೀಕಾ, ಪಾರ್ವೊ, ಹೀಗೆ. ಒಂದೊಂದರ ದಾರಿ ಒಂದೊಂದು. ‘ಯಾವುದೇ ವೈರಲ್ ಜ್ವರ’ ಅಂತ ಬರೆದಿದ್ದಾರಲ್ಲ, ಸುಳ್ಳು ಇರುವುದು ಆ ‘ಯಾವುದೇ’ಯಲ್ಲಿ.

ದೊಡ್ಡಪ್ಪ: ಅಂದರೆ ವೈರಸ್‌ನಿಂದ ಮಗುವಿಗೆ ತೊಂದರೆ ಆಗುತ್ತದೆ ಅಂತ ನೀನೇ ಒಪ್ಪಿದೆ!

ಶೋಭಕ್ಕ: ಒಪ್ಪದೆ ಇರಲು ನನಗೇನು ಹುಚ್ಚಾ? 1941ರಲ್ಲಿ ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರು. ಕಣ್ಣಿನಲ್ಲಿ ಪೊರೆ ಇಟ್ಟುಕೊಂಡೇ ಹುಟ್ಟಿದ 78 ಮಕ್ಕಳ ವಿಷಯ ಬರೆದರು. ಅದರಲ್ಲಿ 68 ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ ಬಂದು ಹೋಗಿತ್ತು. ತಾಯಿಗೆ ಸಣ್ಣ ಜ್ವರ, ಮೈಮೇಲೆ ಕೆಂಪು ಚುಕ್ಕೆ, ಮೂರು ದಿನದಲ್ಲಿ ಮಾಯ. ಮಗುವಿಗೆ ಮಾತ್ರ ಕಣ್ಣು, ಕಿವಿ, ಹೃದಯ, ಮೂರರ ಮೇಲೂ ಏಟು. ಆ ಅಂಗಗಳು ಮೂಡುವ ಹೊತ್ತಿನಲ್ಲೇ ವೈರಸ್ ಒಳಗೆ ಹೋಗಿರುತ್ತದೆ. ಮೊದಲ 12 ವಾರದಲ್ಲಿ ಬಂದರೆ 10ರಲ್ಲಿ 9 ಸಲದವರೆಗೂ ಮಗುವಿಗೆ ತಗಲಬಹುದು. 20 ವಾರ ದಾಟಿದ ಮೇಲೆ ಅಂಥ ದೋಷ ತೀರಾ ಅಪರೂಪ. ಅದಕ್ಕೇ ನಾವು ಮೊದಲು ಕೇಳುವುದು ಎಷ್ಟನೇ ವಾರ ಅಂತ.

ವಿದ್ಯಕ್ಕ: ನಂದು 11 ಅಕ್ಕ 😟

ಶೋಭಕ್ಕ: ಗೊತ್ತು. ತಡಿ, ನಿನ್ನ ವಿಷಯಕ್ಕೇ ಬರುತ್ತೇನೆ. ಮೈಮೇಲೆ ಚುಕ್ಕೆ, ಗುಳ್ಳೆ, ಕಿವಿ ಹಿಂದೆ ಗಂಟು ಏನಾದರೂ ಇತ್ತಾ?

ವಿದ್ಯಕ್ಕ: ಏನೂ ಇರಲಿಲ್ಲ.

ನಾನು: ಮೊದಲ ಮೂರು ತಿಂಗಳು ದಾಟಿದರೆ ಯಾವುದಕ್ಕೂ ಭಯ ಇಲ್ಲ ಅಂತಾಯ್ತಲ್ವಾ?

ಶೋಭಕ್ಕ: ಇಲ್ಲ ಕಿರಣಾ, ಚಿಕನ್‌ಪಾಕ್ಸ್ ಉಲ್ಟಾ. ಮೊದಲ 20 ವಾರದಲ್ಲಿ ಬಂದರೆ ಮಗುವಿಗೆ ದೋಷ ಆಗುವುದು 100ರಲ್ಲಿ ಒಂದೆರಡು. ಹೆರಿಗೆ ಹತ್ತಿರ ಬಂದಾಗಲೇ ನಮಗೆ ಎದೆ ಡವಡವ. ಹೆರಿಗೆಗೆ 5 ದಿನ ಮುಂಚೆಯಿಂದ 2 ದಿನ ಆದಮೇಲಿನವರೆಗೆ ತಾಯಿಗೆ ಗುಳ್ಳೆ ಎದ್ದರೆ ಮಗುವಿಗೆ ವೈರಸ್ ಸಿಕ್ಕಿರುತ್ತದೆ, ಅದನ್ನು ಎದುರಿಸುವ ಪ್ರತಿಕಾಯ ಸಿಕ್ಕಿರುವುದಿಲ್ಲ. ತಾಯಿಯ ಮೈಯೇ ಇನ್ನೂ ತಯಾರಿಸಿರುವುದಿಲ್ಲ, ಮಗುವಿಗೆ ಎಲ್ಲಿಂದ ಕೊಡಬೇಕು? ಅಂಥ ಮಗುವಿಗೆ ಹುಟ್ಟಿದ ಕೂಡಲೇ ಹೊರಗಿನಿಂದ ಪ್ರತಿಕಾಯದ ಇಂಜೆಕ್ಷನ್ ಕೊಡುತ್ತೇವೆ.

ದೊಡ್ಡಪ್ಪ: ಲಸಿಕೆ ವಿಷಯಕ್ಕೆ ಬಾ. ಬಸುರಿಗೆ ರುಬೆಲ್ಲಾ ಲಸಿಕೆ ಹಾಕುವುದಿಲ್ಲ ಅಂತ ನೀನೇ ಒಮ್ಮೆ ಹೇಳಿದ್ದೆ. ನನಗೆ ಮರೆವು ಬಂದಿಲ್ಲ.

ಇದು ಒಳ್ಳೆ ಪ್ರಶ್ನೆಯೇ. ದೊಡ್ಡಪ್ಪ ಸುಮ್ನೆ ಹಠ ಮಾಡುತ್ತಿದ್ದಾರೆ ಅಂದುಕೊಂಡಿದ್ದ ನಾನೂ ಉತ್ತರಕ್ಕೆ ಕಾದೆ.

ಶೋಭಕ್ಕ: ಹೇಳಿದ್ದು ನಿಜ ಅಪ್ಪ. ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಬಸಿರಿನಲ್ಲಿ ಕೊಡುವುದಿಲ್ಲ. ಬಸಿರಾಗುವ ಒಂದು ತಿಂಗಳು ಮುಂಚೆಯಾದರೂ ಹಾಕಿಸಿಕೊಳ್ಳಬೇಕು. ಫ್ಲೂ ಇಂಜೆಕ್ಷನ್‌ನಲ್ಲಿ ಇರುವುದು ಸತ್ತ ವೈರಸ್. ಅದನ್ನು ಬಸುರಿಯರಿಗೇ ಕೊಡಬೇಕು. ಮಗುವಿಗೆ 6 ತಿಂಗಳು ತುಂಬುವವರೆಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ, ಅಲ್ಲಿಯವರೆಗೆ ಅದನ್ನು ಕಾಯುವುದು ತಾಯಿ ಕಳಿಸಿಕೊಟ್ಟ ಪ್ರತಿಕಾಯ. ನಿಮ್ಮ ಮೆಸೇಜು ಬರೆದವನು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾನೆ.

ಶೋಭಕ್ಕ: ಇನ್ನೊಂದು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಅದರ ದೋಷ ಹೊತ್ತು ಹುಟ್ಟಿದರು. 1969ರಲ್ಲಿ ಅಲ್ಲಿ ಲಸಿಕೆ ಬಂತು. 2015ಕ್ಕೆ ಉತ್ತರ, ದಕ್ಷಿಣ ಅಮೆರಿಕ ಖಂಡಗಳೆರಡೂ ರುಬೆಲ್ಲಾ ಮುಕ್ತ ಅಂತ ಘೋಷಣೆ ಆಯಿತು. ಡಾಕ್ಟರುಗಳು ಮುಚ್ಚಿಟ್ಟದ್ದು ಇದನ್ನಾ?

ದೊಡ್ಡಪ್ಪ: 👍

ಅಮ್ಮ: ಆ 👍ಗೆ ಏನರ್ಥ ಭಾವ? 😄

ಶೋಭಕ್ಕ: ವಿದ್ಯಾ, ಈಗ ನಿಜವಾಗಿ ಗಮನ ಕೊಡಬೇಕಾದ ವಿಷಯ. ಪುಟ್ಟ ತಿಂದು ಬಿಟ್ಟದ್ದನ್ನು ಯಾರು ತಿನ್ನುತ್ತಾರೆ?

ವಿದ್ಯಕ್ಕ: ನಾನೇ. ಅವನ ಚಮಚದಲ್ಲೇ. ಯಾಕೆ?

ಶೋಭಕ್ಕ: ಸಿಎಂವಿ ಅಂತ ಒಂದು ವೈರಸ್. ಹೆಸರು ಯಾರೂ ಕೇಳಿರುವುದಿಲ್ಲ. ಆದರೆ ಹೊಟ್ಟೆಯಲ್ಲಿರುವಾಗಲೇ ಮಕ್ಕಳಿಗೆ ತಗಲುವ ವೈರಸ್‌ಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಸುಮಾರು 200 ಮಕ್ಕಳಿಗೆ ಒಂದು. ಅದರಲ್ಲಿ ಐದಕ್ಕೆ ಒಂದು ಮಗುವಿಗೆ ಮುಂದೆ ತೊಂದರೆ, ಮುಖ್ಯವಾಗಿ ಕಿವಿ. ಉಳಿದ ನಾಲ್ಕು ಆರಾಮಾಗಿರುತ್ತವೆ. ಈ ವೈರಸ್ ಸಣ್ಣ ಮಕ್ಕಳ ಜೊಲ್ಲು, ಉಚ್ಚೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಪುಟ್ಟನಂಥವರು ಬೇರೆ ಮಕ್ಕಳ ಜೊತೆ ಆಡಿ ತಂದಿರುತ್ತಾರೆ, ಆಟ ಕುಣಿತ ಏನೂ ಕಮ್ಮಿ ಆಗಿರುವುದಿಲ್ಲ.

ವಿದ್ಯಕ್ಕ: ಅಕ್ಕ ನಾನು ದಿನಾ ಹಾಗೇ ಮಾಡುತ್ತಿದ್ದೆ. ದಿನಾ 😭

ಶೋಭಕ್ಕ: ಅಳಬೇಡ. ಎಷ್ಟೋ ತಾಯಂದಿರಿಗೆ ಇದು ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ, ಆಗ ಮಗುವಿಗೆ ದಾಟುವ ಸಂಭವ ತುಂಬಾ ಕಮ್ಮಿ. ಪುಟ್ಟನನ್ನು ದೂರ ಇಡಬೇಕಿಲ್ಲ. ಚಮಚ, ಲೋಟ ಬೇರೆ ಮಾಡು. ತುಟಿಗೆ ಬೇಡ, ನೆತ್ತಿಗೆ ಮುತ್ತು ಕೊಡು. ಡೈಪರ್ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳಿ. ಇಷ್ಟೇ.

ಶೋಭಕ್ಕ: ಮಗು ಹುಟ್ಟಿದ ಮೇಲೆ ನಾವೇ ಕಿವಿ ಪರೀಕ್ಷೆ ಮಾಡುತ್ತೇವೆ. ಮಲಗಿರುವ ಮಗುವಿನ ಕಿವಿಗೆ ಮೆತ್ತನೆಯ ಸಣ್ಣ ತುದಿ ಇಡುತ್ತೇವೆ, ಯಂತ್ರ ಟಿಕ್ ಟಿಕ್ ಅನ್ನುತ್ತದೆ. ಪರದೆ ಮೇಲೆ ‘ಪಾಸ್’ ಅಥವಾ ‘ರೆಫರ್’ ಅಂತ ಬರುತ್ತದೆ. ಆ ಅರ್ಧ ನಿಮಿಷ ತಾಯಿ ಮಗುವನ್ನು ನೋಡುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾಳೆ. ‘ರೆಫರ್’ ಅಂದರೆ ಕಿವುಡು ಅಂತಲ್ಲ, ಇನ್ನೊಮ್ಮೆ ನೋಡಬೇಕು ಅಂತ. ಸಿಎಂವಿ ಅನುಮಾನ ಇದ್ದರೆ ಹುಟ್ಟಿದ 3 ವಾರದೊಳಗೇ ಜೊಲ್ಲು ಅಥವಾ ಉಚ್ಚೆ ಪರೀಕ್ಷೆ ಆಗಬೇಕು. ತಡವಾದರೆ ವೈರಸ್ ಹೊಟ್ಟೆಯಲ್ಲೇ ತಗಲಿದ್ದಾ, ಆಮೇಲೆ ಬಂದದ್ದಾ ಅಂತ ಹೇಳುವುದಕ್ಕಾಗುವುದಿಲ್ಲ.

ದೊಡ್ಡಪ್ಪ: ಮಗು ಹುಟ್ಟಿದ ಮೇಲಾದರೂ ನಾವು ಮುದ್ದು ಮಾಡಬಹುದೋ, ಅದಕ್ಕೂ ನಿನ್ನ ಪರ್ಮಿಷನ್ ಬೇಕೋ?

ಶೋಭಕ್ಕ: ಬೇಕು. ನಿಮಗಂತೂ ಬೇಕೇ ಬೇಕು. ವರ್ಷಕ್ಕೆ ಎರಡು ಮೂರು ಸಲ ನಿಮ್ಮ ತುಟಿ ಅಂಚಿನಲ್ಲಿ ಗುಳ್ಳೆ ಏಳುತ್ತದಲ್ಲ ಅಪ್ಪ, ಅದು ಹರ್ಪಿಸ್. ನಿಮಗೆ ಸ್ವಲ್ಪ ಉರಿ, ಅಷ್ಟೇ. ಹಸುಗೂಸಿಗೆ ಅದು ತಗಲಿದರೆ ಮಿದುಳು, ಪಿತ್ತಜನಕಾಂಗದವರೆಗೂ ಹೋಗಬಹುದು, ಜೀವಕ್ಕೇ ಅಪಾಯ. ಗುಳ್ಳೆ ಇರುವಾಗ ಮಗುವಿನ ಹತ್ತಿರ ಮುಖ ತರುವ ಹಾಗಿಲ್ಲ.

ಇದಾದ ಮೇಲೆ 7 ನಿಮಿಷ ಯಾರೂ ಏನೂ ಬರೆಯಲಿಲ್ಲ. ಅಷ್ಟರಲ್ಲಿ ವಿದ್ಯಕ್ಕ ಹಳೆ ರಿಪೋರ್ಟಿನ ಫೋಟೋ ಹಾಕಿದಳು, ಪುಟ್ಟ ಹೊಟ್ಟೆಯಲ್ಲಿದ್ದಾಗ ಮಾಡಿಸಿದ್ದು.

ವಿದ್ಯಕ್ಕ: ಇದರಲ್ಲಿ ರುಬೆಲ್ಲಾ ಐಜಿಜಿ ಅಂತ ಇದೆ. ಪಾಸಿಟಿವ್.

ಅಮ್ಮ: ಅಯ್ಯೋ!!

ದೊಡ್ಡಪ್ಪ: ನೋಡಿದ್ಯಾ! ಪಾಸಿಟಿವ್ ಅಂತೆ!

ಶೋಭಕ್ಕ: ಅಪ್ಪ, ಚಿಕ್ಕಮ್ಮ, ಕೂತ್ಕೊಳಿ. ಐಜಿಜಿ ಅಂದರೆ ಮೈಯಲ್ಲಿ ಉಳಿದಿರುವ ಹಳೆ ಪ್ರತಿಕಾಯ, ಐಜಿಎಂ ಅಂದರೆ ಹೊಸದಾಗಿ ಸೋಂಕು ತಗಲಿದಾಗ ಏಳುವ ಪ್ರತಿಕಾಯ. ಇಲ್ಲಿ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್. ಅಂದರೆ ಲಸಿಕೆಯಿಂದಲೋ, ಹಿಂದೆ ಯಾವಾಗಲೋ ಬಂದು ಹೋಗಿಯೋ ಅವಳಿಗೆ ರಕ್ಷಣೆ ಇದೆ. ಆ ‘ಪಾಸಿಟಿವ್’ ನಮಗೆ ಬೇಕಾಗಿದ್ದ ಪಾಸಿಟಿವ್. ವಿದ್ಯಾ, ನಾಳೆ ಡಾಕ್ಟರ್‌ಗೆ ಫೋನ್ ಮಾಡಿ ಜ್ವರ ಇತ್ತು, 11 ವಾರ ಅಂತ ಹೇಳು, ಈ ರಿಪೋರ್ಟೂ ಕಳಿಸು. ಈಗ ಮಲಗು.

ವಿದ್ಯಕ್ಕ: ಥ್ಯಾಂಕ್ಸ್ ಅಕ್ಕ ❤️

‘ಈ ಮೆಸೇಜ್ ಅಳಿಸಲಾಗಿದೆ’ ಅಂತ ಬಂತು. ಮೇಲೆ ಹೋಗಿ ನೋಡಿದರೆ ದೊಡ್ಡಪ್ಪನ ಫಾರ್ವರ್ಡ್ ಮಾಯ.

ಶೋಭಕ್ಕ: ಇನ್ನೆಷ್ಟು ಗುಂಪಿಗೆ ಹಾಕಿದ್ದೀರಿ?

ದೊಡ್ಡಪ್ಪ: ನಾಲ್ಕು. ಮೂರರಲ್ಲಿ ತೆಗೆದೆ. ಒಂದರಲ್ಲಿ ಹೋದ ವಾರವೇ ಹಾಕಿದ್ದೆ, ಅಳಿಸೋಕೆ ಬರ್ತಿಲ್ಲ.

ಶೋಭಕ್ಕ: ಹಾಗಾದರೆ ಅದರ ಕೆಳಗೆ ತಪ್ಪು ಅಂತ ಬರೆಯಿರಿ.

ದೊಡ್ಡಪ್ಪ: ಏನಂತ ಬರೀಲಿ, ನೀನೇ ಟೈಪ್ ಮಾಡಿ ಕಳಿಸು. ಚಿಕ್ಕದಾಗಿ. ನಿನ್ನ ಹಾಗೆ ಉದ್ದ ಬೇಡ.