ಬಿ ಬ್ಲಾಕಿನ ಪಶ್ಚಿಮ ಗೋಡೆಯ ಬೂಸ್ಟು: ಈ ಬಾರಿ ಪೇಂಟ್ ಬೇಡ

ಬಿ-304: ಎಲ್ಲರಿಗೂ ನಮಸ್ಕಾರ. ಪಶ್ಚಿಮದ ಮಲಗುವ ಕೋಣೆಯಲ್ಲಿ ಮತ್ತೆ ಬೂಸ್ಟು ಬಂದಿದೆ. ಕಪಾಟು ಸರಿಸಿದರೆ ಹಿಂದಿನ ಗೋಡೆಯ ತುಂಬ ಕಪ್ಪು ಚುಕ್ಕೆ, ರೇಷ್ಮೆ ಸೀರೆಯ ಮಡಿಕೆಯಲ್ಲೂ ಬಿಳಿ ಪುಡಿ. ಬಾಗಿಲು ತೆರೆದರೆ ಸಾಕು, ಮುಗ್ಗಲು ವಾಸನೆ. ಮಗನ ಕೆಮ್ಮು ರಾತ್ರಿಯಿಡೀ ನಿಲ್ಲುವುದಿಲ್ಲ. ಬೇರೆಯವರಿಗೂ ಹೀಗಿದೆಯೇ?

ಬಿ-204: ನಮಗೂ ಅದೇ ಗೋಡೆ, ಅದೇ ಮೂಲೆ ಅಕ್ಕ. ಕಳೆದ ಚೌತಿಗೆ ಹೊಡೆಸಿದ ಪೇಂಟ್ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಗಾಳಿ ಪರೀಕ್ಷೆ ಮಾಡಿಸೋಣವೇ?

ಎ-101: ಮಂಗಳೂರಿನಲ್ಲಿ ಆಟಿಯ ಮಳೆಗೆ ಬೂಸ್ಟು ಬಾರದ ಮನೆ ಯಾವುದಿದೆ ಮಾರಾಯರೇ? ಬ್ಲೀಚಿಂಗ್ ಪುಡಿ ಹಾಕಿ ಒರೆಸಿ. ಬಿಸಿಲು ಬಂದರೆ ತಾನೇ ಹೋಗುತ್ತದೆ.

ಬಿ-404: ರಾಯರೇ, ಚಪ್ಪಲಿ, ಬೆಲ್ಟಿಗೆ ಬರುವ ಬೂಸ್ಟು ಗಾಳಿಯ ತೇವದ್ದು. ಇಲ್ಲಿ ಗೋಡೆಯೇ ನೀರು ಕುಡಿದಿದೆ ಎಂದು ನನ್ನ ಅನುಮಾನ. ಗಾರೆಯೊಳಗೆ ಇಳಿದ ಬೂಸ್ಟಿಗೆ ಬ್ಲೀಚಿಂಗ್ ತಲುಪುವುದಿಲ್ಲ. ಅದರ ಜೊತೆ ಆಸಿಡ್ ಮಾತ್ರ ಯಾರೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಮೇಲೆ ಬೆವರಿದರೆ ಕೋಣೆಯ ತೇವ, ಹಿಂದೆ ಹನಿ ನಿಂತರೆ ಗೋಡೆಯ ನೀರು.

ಎ-203: ವೈದ್ಯೆಯಾಗಿ ಒಂದು ಮಾತು. ಗಾಳಿ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಬೂಸ್ಟು ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎಂಬ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 2009ರ ಮಾರ್ಗಸೂಚಿಯಲ್ಲಿ ಕೊಟ್ಟಿಲ್ಲ. ತೇವವನ್ನೇ ತಡೆಯಿರಿ ಎಂದಿದೆ. ಮಗುವನ್ನು ಇಂದಿನಿಂದಲೇ ಬೇರೆ ಕೋಣೆಯಲ್ಲಿ ಮಲಗಿಸಿ. ಒಣಗಿದ ಬೂಸ್ಟನ್ನು ಗುಡಿಸಬೇಡಿ, ಬೀಜಕಣ ಹಾರುತ್ತದೆ. ಎನ್95 ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಕೋಣೆಯಲ್ಲಿ ಬಟ್ಟೆ ಒಣಹಾಕುವುದೂ ಬೇಡ.

ಬಿ-304: ಎರಡು ದಿನವಾಯಿತು. ಹಾಳೆಯ ಮೇಲ್ಭಾಗ ಒಣ, ಹಿಂದೆ ಹನಿ ಹನಿ. ಫೋಟೋ ಹಾಕಿದ್ದೇನೆ.

ಬಿ-204: ನಮ್ಮದೂ ಹಾಗೆಯೇ.

ಬಿ-404: ಮಳೆ ಬಿಟ್ಟ ಹೊತ್ತಿನಲ್ಲಿ ತಾರಸಿಯಿಂದ ಬಗ್ಗಿ ನೋಡಿದೆ. ಕಿಟಕಿಯ ಸಜ್ಜಾದ ಇಳಿಜಾರು ಹೊರಗಲ್ಲ, ಗೋಡೆಯ ಕಡೆಗೇ ಇದೆ. ನೀರು ಅಲ್ಲೇ ನಿಂತು, ಸಜ್ಜಾ ಗೋಡೆಗೆ ಸೇರುವ ಬಿರುಕಿನಲ್ಲಿ ಇಳಿಯುತ್ತಿದೆ. ಇದು ಕಟ್ಟಿದವರ ಕೆಲಸದ ದೋಷ. ಒಳಗಿನಿಂದ ಏನು ಬಳಿದರೂ ವ್ಯರ್ಥ.

ಸಂಘದ ಕಾರ್ಯದರ್ಶಿ: ಹಾಗಾದರೆ ತಡ ಮಾಡುವುದು ಬೇಡ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ರಚನೆ ಅಥವಾ ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ನಮಗೆ ನಾಲ್ಕು ದಾಟಿದೆ. ಫೋನಿನಲ್ಲಿ ಹೇಳಿದರೆ ಉಳಿಯುವುದಿಲ್ಲ, ಸ್ವೀಕೃತಿಯಿರುವ ಅಂಚೆಯಲ್ಲೇ ಪತ್ರ ಹೋಗಬೇಕು. ದಿನಾಂಕವಿರುವ ಫೋಟೋ, ಸ್ವಾಧೀನ ಪತ್ರದ ಪ್ರತಿ ಶನಿವಾರದೊಳಗೆ ಕೊಡಿ. ಅಲ್ಲಿಯವರೆಗೆ ಯಾರೂ ಪೇಂಟ್ ಹೊಡೆಸಿ ಗುರುತು ಅಳಿಸಬೇಡಿ.

ಎ-101: ಬಿಲ್ಡರ್ ಒಪ್ಪದಿದ್ದರೆ? ಬಿ ಬ್ಲಾಕಿನ ಗೋಡೆಗೆ ನಮ್ಮಿಂದಲೂ ವಸೂಲಿಯೇ?

ಸಂಘದ ಕಾರ್ಯದರ್ಶಿ: ಹೊರಗೋಡೆ ಎಲ್ಲರದ್ದು ಸರ್. ಕಳೆದ ವರ್ಷ ನಿಮ್ಮ ಬಾಗಿಲ ಮುಂದಿನ ಚರಂಡಿಗೆ ನಾಲ್ಕನೇ ಮಹಡಿಯವರೂ ಕೊಟ್ಟಿದ್ದರು. ಒಪ್ಪದಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು. ಅದರ ಶುಲ್ಕವನ್ನು ಸಂಘದ ನಿಧಿಯಿಂದ ಕೊಡುವ ವಿಷಯ ಭಾನುವಾರದ ಸಭೆಯಲ್ಲಿ ತೀರ್ಮಾನಿಸೋಣ.

ಎ-101: ಸರಿ, ಬರುತ್ತೇನೆ. ಚರಂಡಿ ಮತ್ತೆ ಕಟ್ಟಿದೆ, ಅದನ್ನೂ ಪಟ್ಟಿಗೆ ಸೇರಿಸಿ.