ಕಚ್ಚಾ ವಸ್ತು ಕೊಂಡುಕೊಳ್ಳಬಹುದಿತ್ತಲ್ಲ, ದೇಶವನ್ನೇ ಯಾಕೆ ಹಿಡಿದರು?

ಪ್ರಶ್ನೆ (ಒಬ್ಬ ಪೋಷಕರು): ಮೇಡಂ, ನಮಸ್ಕಾರ. ಮಗ ಪಿಯು ಓದುತ್ತಿದ್ದಾನೆ. ಕೈಗಾರಿಕಾ ಕ್ರಾಂತಿ ಆದ ಮೇಲೆ ಸಾಮ್ರಾಜ್ಯಶಾಹಿ ಯಾಕೆ ಬೆಳೆಯಿತು ಅನ್ನೋದಕ್ಕೆ ಕಚ್ಚಾ ವಸ್ತು, ಮಾರುಕಟ್ಟೆ, ಬಂಡವಾಳ, ಧರ್ಮಪ್ರಚಾರ, ರಾಷ್ಟ್ರೀಯತೆ ಎಂದು ಐದು ಕಾರಣ ಬಾಯಿಪಾಠ ಮಾಡಿದ್ದಾನೆ. ನಿನ್ನೆ ಇದ್ದಕ್ಕಿದ್ದಂತೆ ಕೇಳಿದ: "ಅಪ್ಪಾ, ಕಚ್ಚಾ ವಸ್ತು ಬೇಕಿದ್ರೆ ದುಡ್ಡು ಕೊಟ್ಟು ತಗೋಬಹುದಿತ್ತಲ್ಲ, ದೇಶವನ್ನೇ ಯಾಕೆ ಹಿಡಿದರು?" ನನಗೆ ಉತ್ತರ ಹೊಳೆಯಲಿಲ್ಲ. ನೀವು ಇತಿಹಾಸ ಪಾಠ ಮಾಡಿದವರು, ದಯವಿಟ್ಟು ತಿಳಿಸಿ.

ಉತ್ತರ (ಇತಿಹಾಸ ಅಧ್ಯಾಪಕಿ): ನಿಮ್ಮ ಮಗ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಆ ಐದು ಕಾರಣ ತಪ್ಪಲ್ಲ. ಆದರೆ ಅವನ್ನು ಸಾಲಾಗಿ ಬರೆದರೆ ಯಾವುದು ಯಾವುದನ್ನು ಹುಟ್ಟಿಸಿತು ಅನ್ನೋದು ಕಾಣುವುದಿಲ್ಲ. ಒಂದು ದೇಶವನ್ನು ಹಿಡಿದು ನೋಡೋಣ. ಆಫ್ರಿಕಾದ ಕಾಂಗೋ.

1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಮುಂದಿನ ಕೆಲವೇ ವರ್ಷಗಳಲ್ಲಿ ಯುರೋಪ್, ಅಮೆರಿಕದಲ್ಲಿ ಸೈಕಲ್ ಹುಚ್ಚು ಹಬ್ಬಿತು. ಆಮೇಲೆ ಕಾರು ಬಂತು. ಟೆಲಿಗ್ರಾಫ್ ತಂತಿಗೆ ಹೊದಿಕೆ, ಯಂತ್ರಗಳಿಗೆ ಪೈಪು, ಬೆಲ್ಟು, ಎಲ್ಲಕ್ಕೂ ರಬ್ಬರ್ ಬೇಕಾಯಿತು. ಬ್ರೆಜಿಲ್‌ನ ರಬ್ಬರ್ ಬೀಜವನ್ನು 1876ರಲ್ಲೇ ಇಂಗ್ಲೆಂಡಿಗೆ ತಂದು, ಅಲ್ಲಿಂದ ಸಿಲೋನ್, ಸಿಂಗಾಪುರಕ್ಕೆ ಸಸಿ ಕಳಿಸಿದ್ದರು. ಆದರೆ ರಬ್ಬರ್ ಮರ ಹಾಲು ಕೊಡಲು ಆರೇಳು ವರ್ಷ ಬೇಕು. ತೋಟಗಳು ದೊಡ್ಡದಾಗಲು ಇನ್ನೂ ಹೆಚ್ಚು ಕಾಲ. ಅಲ್ಲಿಯವರೆಗೆ ಕಾಡು ರಬ್ಬರಿಗೆ ಬಂಗಾರದ ಬೆಲೆ. ಕಾಂಗೋದ ಕಾಡಿನಲ್ಲಿ ರಬ್ಬರ್ ಬಳ್ಳಿಗಳು ಬೇಕಾದಷ್ಟಿದ್ದವು.

ಈಗ ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ. ದುಡ್ಡು ಕೊಟ್ಟು ಕೊಳ್ಳಬೇಕಿದ್ದರೆ ಬೆಲೆಯನ್ನು ಅಲ್ಲಿಯವರೂ ಹೇಳುತ್ತಾರೆ. ಹತ್ತಾರು ಅಡಿ ಮೇಲೆ ಹತ್ತಿ ಬಳ್ಳಿ ಕೊಯ್ದು, ಹಾಲು ಇಳಿಸಿ, ಅದನ್ನು ಗಟ್ಟಿ ಮಾಡಿ, ದಿನಗಟ್ಟಲೆ ನಡೆದು ತಂದು ಕೊಡುವವನು ತನ್ನ ಹೊಲ ಬಿಟ್ಟು ಬರಬೇಕು. ಅವನಿಗೆ ಒಪ್ಪಿಗೆಯಾಗುವ ಕೂಲಿ ಕೊಟ್ಟರೆ ಲಾಭ ಇಳಿಯುತ್ತದೆ. ಬೇಡ ಅಂದರೆ ಸರಕೇ ಇಲ್ಲ. ಕಾರ್ಖಾನೆಗೋ ಸರಕು ಅಗ್ಗವಾಗಿ, ರಾಶಿಗಟ್ಟಲೆ, ತಪ್ಪದೆ ಬರುತ್ತಿರಬೇಕು. "ಇಲ್ಲ" ಎನ್ನುವ ಹಕ್ಕನ್ನು ಆ ಜನರಿಂದ ಕಿತ್ತುಕೊಳ್ಳಲು ಆಳ್ವಿಕೆಯೇ ಕೈಯಲ್ಲಿರಬೇಕಾಯಿತು. ದೇಶ ಹಿಡಿದದ್ದು ಇಂಥ ಲಾಭಕ್ಕೆ. ಕಾಂಗೋ ಹಿಡಿದಾಗ ಕಣ್ಣು ಮೊದಲು ಆನೆದಂತದ ಮೇಲಿತ್ತು. ರಬ್ಬರಿಗೆ ಬೇಡಿಕೆ ಏರುವ ಹೊತ್ತಿಗೆ ಆಳ್ವಿಕೆ ಆಗಲೇ ಕೈಯಲ್ಲಿತ್ತು.

ಹಿಡಿದವನು ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡ್. ಕಾಂಗೋಗೆ ಅವನು ಒಮ್ಮೆಯೂ ಕಾಲಿಡಲಿಲ್ಲ. 1879ರಿಂದ ಸ್ಟ್ಯಾನ್ಲಿ ಎಂಬ ಅನ್ವೇಷಕನನ್ನು ಕಳಿಸಿ, ಊರ ಮುಖಂಡರಿಗೆ ಬಟ್ಟೆ, ಸಣ್ಣಪುಟ್ಟ ಸಾಮಾನು ಕೊಟ್ಟು ಕಾಗದಗಳಿಗೆ ಗುರುತು ಹಾಕಿಸಿಕೊಂಡ. ಆ ಕಾಗದದಲ್ಲಿ ಏನಿದೆ ಎಂದು ಓದಿ ತಿಳಿಯುವ ದಾರಿ ಅವರಿಗಿರಲಿಲ್ಲ. 1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಬರ್ಲಿನ್‌ನಲ್ಲಿ 14 ದೇಶಗಳು ಸೇರಿ ಆಫ್ರಿಕಾದ ಬಗ್ಗೆ ಮಾತಾಡಿದವು. ಆಫ್ರಿಕಾದವರು ಒಬ್ಬರೂ ಅಲ್ಲಿರಲಿಲ್ಲ. ಅದೇ ಹೊತ್ತಿನಲ್ಲಿ ಬೆಲ್ಜಿಯಂಗಿಂತ 70 ಪಟ್ಟಿಗೂ ಹೆಚ್ಚು ದೊಡ್ಡದಾದ ನೆಲದ ಮೇಲೆ ಲಿಯೋಪೋಲ್ಡ್‌ನ ಹಕ್ಕಿಗೆ ಮನ್ನಣೆ ಸಿಕ್ಕಿತು. ಬೆಲ್ಜಿಯಂ ದೇಶದ ಹಕ್ಕಲ್ಲ, ಅವನೊಬ್ಬನ ಹಕ್ಕು. ಹೆಸರು "ಕಾಂಗೋ ಸ್ವತಂತ್ರ ರಾಜ್ಯ". ಉಳುಮೆ ಇಲ್ಲದ ಜಾಗವೆಲ್ಲ ಖಾಲಿ ಜಾಗ, ಖಾಲಿ ಜಾಗವೆಲ್ಲ ಸರ್ಕಾರದ್ದು ಎಂದು ಆಜ್ಞೆ ಹೊರಟಿತು. ಕಾಡು ಹಾಗೆ ಹೋಯಿತು, ಅದರ ಬಳ್ಳಿಯೂ ಹೋಯಿತು.

ಅದೇ ಪೋಷಕರು: ಮೇಡಂ, ಆದರೆ ಯುರೋಪಿನವರು ಅದಕ್ಕೂ ಮುಂಚೆ 400 ವರ್ಷ ಆಫ್ರಿಕಾದ ಕರಾವಳಿಯಲ್ಲಿದ್ದರು ಅಲ್ವಾ? ಒಳಗೆ ಹೋಗಲು ಇಷ್ಟು ತಡ ಯಾಕೆ?

ಉತ್ತರ: ಒಳಗೆ ಹೋದವರು ಮಲೇರಿಯಾದಿಂದ ಸಾಯುತ್ತಿದ್ದರು. 19ನೇ ಶತಮಾನದ ನಡುವಿಗೆ ಅದಕ್ಕೆ ಮದ್ದಾದ ಕ್ವಿನೈನ್ ಬಳಕೆಗೆ ಬಂತು. ಉಗಿ ದೋಣಿ ಹೊಳೆಯ ಹರಿವಿಗೆ ಎದುರಾಗಿ ಹೋಗಬಲ್ಲದಾಯಿತು. ಕಾಂಗೋ ನದಿಯಲ್ಲಿ ಸಮುದ್ರದ ಹತ್ತಿರ 300 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಬರೀ ಜಲಪಾತ, ರಭಸದ ನೀರು. ದೋಣಿಗಳನ್ನು ಬಿಚ್ಚಿ, ತುಂಡು ತುಂಡಾಗಿ ಆಫ್ರಿಕನ್ ಹಮಾಲಿಗಳ ತಲೆ ಮೇಲೆ ಹೊರಿಸಿ ಮೇಲಕ್ಕೆ ಸಾಗಿಸಿದರು. ಇದರ ಜೊತೆಗೆ ಒಂದೇ ಸಮನೆ ಗುಂಡು ಹಾರಿಸುವ ಬಂದೂಕು ಬಂತು. 1870ರ ಸುಮಾರಿಗೆ ಯುರೋಪಿನವರ ಹಿಡಿತದಲ್ಲಿದ್ದದ್ದು ಆಫ್ರಿಕಾದ ಹತ್ತರಲ್ಲಿ ಒಂದು ಪಾಲು. 1914ರ ಹೊತ್ತಿಗೆ ಇಥಿಯೋಪಿಯಾ, ಲೈಬೀರಿಯಾ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಕಚ್ಚಾ ವಸ್ತುವಿನ ಹಸಿವನ್ನು ಹೆಚ್ಚಿಸಿದ್ದೂ ಕಾರ್ಖಾನೆ, ಕೈಗೆ ಆಯುಧ ಕೊಟ್ಟದ್ದೂ ಕಾರ್ಖಾನೆ. ಇದನ್ನು ಮಗ ಉತ್ತರದಲ್ಲಿ ಖಂಡಿತ ಬರೆಯಲಿ.

ಇನ್ನೊಬ್ಬ ಸದಸ್ಯರು: ಆದರೂ ರೈಲು, ಬಂದರು ಕೊಟ್ಟರಲ್ಲ? ಪರಿಣಾಮ ಅಂದಾಗ ಒಳ್ಳೆಯದನ್ನೂ ಹೇಳಬೇಕಲ್ವಾ?

ಉತ್ತರ: ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ನೋಡಿ. 1890ರಿಂದ 1898ರವರೆಗೆ ಕಟ್ಟಿದ ದಾರಿ ಮಟಾಡಿ ಬಂದರಿನಿಂದ ಜಲಪಾತಗಳನ್ನು ಸುತ್ತಿಕೊಂಡು ಮೇಲಿನ ನದಿಗೆ ಸೇರುತ್ತಿತ್ತು. ಆನೆದಂತ, ರಬ್ಬರ್ ಇಳಿದು ಬರಲು ಮಾಡಿದ ದಾರಿ ಅದು. ಕಟ್ಟಲು ಪಶ್ಚಿಮ ಆಫ್ರಿಕಾ, ಬಾರ್ಬಡೋಸ್, ಚೀನಾದಿಂದಲೂ ಕೂಲಿಗಳನ್ನು ತಂದರು. ಬಹಳ ಮಂದಿ ಅಲ್ಲೇ ಸತ್ತರು.

ಕಾಡಿನ ಒಳಗೆ ನಡೆದದ್ದು ಇದಕ್ಕಿಂತ ಘೋರ. ಪ್ರತಿ ಊರಿಗೆ ಇಷ್ಟು ರಬ್ಬರ್ ಎಂದು ಲೆಕ್ಕ ಕಟ್ಟಿದರು. ಗಂಡಸರು ಕಾಡಿಗೆ ಹೋಗಲಿ ಎಂದು ಹೆಂಗಸರನ್ನು ಒತ್ತೆ ಇಟ್ಟುಕೊಂಡರು. ಕಡಿಮೆ ತಂದ ಊರಿಗೆ "ಫೋರ್ಸ್ ಪಬ್ಲಿಕ್" ಎಂಬ ಸೇನೆ ಬರುತ್ತಿತ್ತು. ಹಾರಿಸಿದ ಒಂದೊಂದು ಗುಂಡಿಗೂ ಸತ್ತವರ ಬಲಗೈ ತಂದು ತೋರಿಸಬೇಕಿತ್ತು. ಬೇಟೆಗೆ ಗುಂಡು ಖರ್ಚು ಮಾಡಿದ ಸಿಪಾಯಿಗಳು ಬದುಕಿದ್ದವರ ಕೈಯನ್ನೇ ಕಡಿದು ಲೆಕ್ಕ ಸರಿ ಮಾಡಿದರು. ಹೊಲ ಪಾಳು ಬಿತ್ತು, ಹಸಿವು, ನಿದ್ರಾರೋಗ ಹರಡಿತು. ಆಗ ಜನಗಣತಿ ಇರಲಿಲ್ಲ. ಸತ್ತವರ ಸಂಖ್ಯೆ ಹತ್ತಾರು ಲಕ್ಷ ಎಂದು ಹೆಚ್ಚಿನ ಇತಿಹಾಸಕಾರರು ಅಂದಾಜು ಮಾಡುತ್ತಾರೆ, ಒಂದು ಕೋಟಿ ಎನ್ನುವವರೂ ಇದ್ದಾರೆ. ಬ್ರಸೆಲ್ಸ್‌ನ ದೊಡ್ಡ ಕಮಾನು 1905ರಲ್ಲಿ ಎದ್ದು ನಿಂತದ್ದು ಈ ದುಡ್ಡಿನಿಂದ. ಒಂದು ರೈಲನ್ನು ಇದರ ಎದುರು ತೂಗಿ ಸರಿಸಮ ಎನ್ನಲು ನನ್ನಿಂದ ಆಗುವುದಿಲ್ಲ.

ಒಬ್ಬ ವಿದ್ಯಾರ್ಥಿನಿ: ಮೇಡಂ, ಹೊರಗಿನವರಿಗೆ ಇದು ಹೇಗೆ ಗೊತ್ತಾಯ್ತು?

ಉತ್ತರ: ಇದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಡ್ಮಂಡ್ ಮೊರೆಲ್ ಲಿವರ್‌ಪೂಲ್‌ನ ಒಂದು ಹಡಗು ಕಂಪನಿಯ ಗುಮಾಸ್ತ. ಕಾಂಗೋದಿಂದ ಬರುವ ಹಡಗುಗಳ ತುಂಬ ರಬ್ಬರ್, ಆನೆದಂತ. ಹೋಗುವ ಹಡಗುಗಳಲ್ಲಿ ಹೆಚ್ಚಾಗಿ ಬಂದೂಕು, ಗುಂಡು. ವ್ಯಾಪಾರವಾಗಿದ್ದರೆ ಬದಲಿಗೆ ಸರಕು ಹೋಗಬೇಕಿತ್ತಲ್ಲ? ಹೋಗುತ್ತಿರಲಿಲ್ಲ. ಅಲ್ಲಿ ಕೂಲಿ ಕೊಡುತ್ತಿಲ್ಲ, ಬಲವಂತದ ದುಡಿಮೆ ನಡೆದಿದೆ ಎಂದು ಅವನು ಆ ಲೆಕ್ಕದಿಂದಲೇ ಕಂಡುಕೊಂಡ. ಅದಕ್ಕೂ ಮುಂಚೆ 1890ರಲ್ಲೇ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬ ಕಪ್ಪು ಅಮೆರಿಕನ್ ಕಾಂಗೋ ನೋಡಿ ಲಿಯೋಪೋಲ್ಡ್‌ಗೆ ಬಹಿರಂಗ ಪತ್ರ ಬರೆದಿದ್ದ. 1904ರಲ್ಲಿ ಬ್ರಿಟಿಷ್ ಕಾನ್ಸಲ್ (ರಾಯಭಾರ ಅಧಿಕಾರಿ) ರೋಜರ್ ಕೇಸ್‌ಮೆಂಟ್ ವರದಿ ಹೊರಬಂತು. ಅದೇ ವರ್ಷ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಹೆಂಗಸು ತೆಗೆದ ಫೋಟೋದಲ್ಲಿ, ನ್ಸಾಲಾ ಎಂಬ ತಂದೆ ತನ್ನ ಪುಟ್ಟ ಮಗಳ ಕಡಿದ ಕೈ, ಪಾದದ ಮುಂದೆ ಕೂತಿದ್ದಾನೆ. ಧರ್ಮಪ್ರಚಾರಕರನ್ನು ಬರೀ ಸಾಮ್ರಾಜ್ಯದ ಕೈಯಾಳುಗಳು ಎಂದು ಬರೆದುಬಿಡುವುದು ಸರಿಯಲ್ಲ ಎಂದು ನಾನು ಹೇಳುವುದು ಇದಕ್ಕೇ. ಕೊನೆಗೆ 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು, ಅದೂ ಹಣ ಪಡೆದು.

ಆಮೇಲೂ ಗಣಿ, ತೋಟಗಳಲ್ಲಿ ಬಲವಂತ ನಿಲ್ಲಲಿಲ್ಲ. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಅಷ್ಟು ದೊಡ್ಡ ದೇಶದಲ್ಲಿ ಪದವಿ ಮುಗಿಸಿದ ಕಾಂಗೋದವರು ಬೆರಳೆಣಿಕೆಯಷ್ಟು. ಮೊದಲ ಪ್ರಧಾನಿ ಲುಮುಂಬಾ ಅವರನ್ನು 1961ರ ಜನವರಿಯಲ್ಲಿ ಕೊಂದರು. ಪರಿಣಾಮ ಬರೆಯುವಾಗ ಈ ಎರಡು ಸಂಗತಿ ಬಿಡಬೇಡಿ.

ಧಾರವಾಡದ ಒಬ್ಬ ಸದಸ್ಯರು: ಮೇಡಂ, ನಮ್ಮ ಕಡೆ ಹತ್ತಿಗೂ ಹೀಗೇ ಆಯಿತೇನ್ರಿ?

ಉತ್ತರ: ಬೇರು ಒಂದೇ, ದಾರಿ ಬೇರೆ. ನಿಮ್ಮ ಸೀಮೆಯ ಹಳೇ ತಳಿ ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಅದರ ಎಳೆ ಗಿಡ್ಡ. ಇಂಗ್ಲೆಂಡಿನ ಲ್ಯಾಂಕಷೈರ್‌ನ ಬಟ್ಟೆ ಗಿರಣಿ ಯಂತ್ರಗಳಿಗೆ ಉದ್ದ ಎಳೆ ಬೇಕಿತ್ತು. ಅದಕ್ಕೆ 1840ರ ದಶಕದಲ್ಲಿ ಅಮೆರಿಕದ ತಳಿ ತಂದು ಧಾರವಾಡ ಸೀಮೆಯಲ್ಲಿ ಬೆಳೆಸಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಇಲ್ಲಿ ಬೆಲೆ ಗಗನಕ್ಕೇರಿತು. ಈ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಯೋಚನೆಯೂ ಇದ್ದುದರಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು.

ಇಲ್ಲಿ ಕೈ ಕಡಿಯಲಿಲ್ಲ, ನಿಜ. ಆದರೆ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಿತ್ತು. ರೊಕ್ಕ ಬೇಕೆಂದರೆ ಪೇಟೆಗೆ ಹೋಗುವ ಬೆಳೆ ಬೆಳೆಯಬೇಕು ಅಥವಾ ಸಾಹುಕಾರನ ಹತ್ತಿರ ಸಾಲ ಮಾಡಬೇಕು. 1876–78ರ ಬರ ಧಾರವಾಡ, ಬಳ್ಳಾರಿ ಕಡೆ ಬಡಿದಾಗ ಸಾಲದಲ್ಲಿದ್ದ ರೈತನ ಮನೆಯಲ್ಲಿ ಜೋಳವೂ ಇರಲಿಲ್ಲ, ಕೊಳ್ಳಲು ಕಾಸೂ ಇರಲಿಲ್ಲ. ಆ ವರ್ಷಗಳಲ್ಲೂ ಹಿಂದೂಸ್ತಾನದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹೋಗುತ್ತಲೇ ಇತ್ತು.